ಹುಳದ ಕೋಣೆಗೆ ಹೊಡೆಯದ ಔಷಧಿ

ನಾನು ಸುಣ್ಣ ಬಳಿಯುವವನಲ್ಲ. ಆದರೂ ಶಿಡ್ಲಘಟ್ಟದ ಸೀಮೆಯಲ್ಲಿ ನಾನು ನೋಡಿದಷ್ಟು ಗೋಡೆಗಳನ್ನು ಇನ್ನೊಬ್ಬರು ನೋಡಿರಲಾರರು. ಮಣ್ಣಿನ ಗೋಡೆ, ಕಲ್ಲಿನ ಗೋಡೆ, ಹೊಗೆ ಹಿಡಿದು ಕಪ್ಪಾದ ಅಡುಗೆಮನೆಯ ಗೋಡೆ, ಕೊಟ್ಟಿಗೆಯ ಗೋಡೆ. ಐವತ್ತರ ದಶಕ ಮುಗಿದು ಅರವತ್ತು ಹಿಡಿಯುತ್ತಿದ್ದ ಕಾಲ. ಚಳಿಜ್ವರದ ಸೊಳ್ಳೆಯನ್ನು ದೇಶದಿಂದಲೇ ಓಡಿಸಿಬಿಡುತ್ತೇವೆ ಎಂದು ದೊಡ್ಡವರು ಹೊರಟಿದ್ದರು. ಹಾಗೆ ಹೊರಟವರ ಬಾಲದ ತುದಿಯಲ್ಲಿ, ಚಿಕ್ಕಬಳ್ಳಾಪುರದ ಕಚೇರಿಯೊಂದರ ಕೈಕೆಳಗೆ, ಔಷಧಿ ಹೊಡೆಯುವ ಐದು ಜನರ ತಂಡಕ್ಕೆ ನಾನು ಮೇಸ್ತ್ರಿ.

ಕೆಲಸ ಹೇಳುವುದಕ್ಕೆ ಸುಲಭ. ಡಿ.ಡಿ.ಟಿ. ಪುಡಿ ಸಣ್ಣ ರೈಲಿನಲ್ಲಿ ಶಿಡ್ಲಘಟ್ಟದ ಸ್ಟೇಷನ್ನಿಗೆ ಬರುತ್ತಿತ್ತು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಊರಿಗೆ. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು. ಆಮೇಲೆ ಬಕೆಟ್ಟಿನ ತುಂಬ ನೀರು ಬೆರೆಸಿ ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಗಂಟು ಹೋಗಿ ಕೊಳವೆಯ ಮೂತಿ ಕಟ್ಟಿಕೊಳ್ಳುತ್ತದೆ, ಅರ್ಧ ಗಂಟೆ ಹಾಳು. ಒಬ್ಬ ಬಕೆಟ್ಟಿನಲ್ಲಿ ಪಂಪು ಇಟ್ಟು ಕಾಲಿನಿಂದ ತುಳಿದು ಹಿಡಿದು ಒಂದೇ ಸಮನೆ ಒತ್ತುತ್ತಾನೆ. ಇನ್ನೊಬ್ಬ ಉದ್ದನೆಯ ಕೊಳವೆ ಹಿಡಿದು, ಗೋಡೆಯಿಂದ ಒಂದೂವರೆ ಅಡಿ ದೂರ ನಿಂತು, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಪಟ್ಟೆಪಟ್ಟೆಯಾಗಿ ಹೊಡೆಯುತ್ತಾನೆ. ನೀರು ಇಳಿಯಬಾರದು, ಒಣ ಜಾಗ ಉಳಿಯಬಾರದು. ಒಣಗಿದ ಮೇಲೆ ಗೋಡೆಗೆ ತೆಳ್ಳಗೆ ಬಿಳಿ ಕೂರುತ್ತದೆ. ರಕ್ತ ಕುಡಿದು ಬಂದು ಅಲ್ಲಿ ಕೂತ ಸೊಳ್ಳೆ ಸಾಯಬೇಕು. ಅದಕ್ಕೇ ಮುಂದಿನ ಸುತ್ತಿನವರೆಗೆ ಗೋಡೆಗೆ ಸುಣ್ಣ ಬಳಿಯುವಂತಿಲ್ಲ, ಸಗಣಿ ಸಾರಿಸುವಂತಿಲ್ಲ.

ಕೊನೆಯ ಕೆಲಸ ನನ್ನದು. ಬಾಗಿಲ ಪಕ್ಕದಲ್ಲಿ ಕೆಮ್ಮಣ್ಣಿನ ನೀರಿನಲ್ಲಿ ತಾರೀಖು ಬರೆದು, ಮನೆಯಲ್ಲಿ ಕೋಣೆ ಎಷ್ಟು, ಹೊಡೆದದ್ದು ಎಷ್ಟಕ್ಕೆ ಎಂದು ಬರೆಯಬೇಕು. ಮೂರಕ್ಕೆ ಮೂರು ಎಂದಿದ್ದರೆ ಸಾಹೇಬರಿಗೆ ಸಂತೋಷ. ಮೂರಕ್ಕೆ ಎರಡು ಎಂದಿದ್ದರೆ ಆ ಮನೆಗೆ ಮತ್ತೆ ಹೋಗಬೇಕು, ಯಾಕೆ ಬಿಟ್ಟಿರಿ ಎಂಬುದಕ್ಕೆ ಕಾರಣ ಬರೆದು ಕೊಡಬೇಕು.

ಊರಿನ ಹೆಸರು ಬೇಡ. ಮೇಲೂರಿನಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ಬಾವಿಗಳ ಸುತ್ತ ಹಿಪ್ಪುನೇರಳೆ ತೋಟ, ಮನೆಮನೆಯಲ್ಲೂ ರೇಷ್ಮೆ ಹುಳ. ನಾನು ಗೌರಿಬಿದನೂರಿನ ಆಚೆಯ ಕಡಲೆಕಾಯಿ ಹೊಲಗಳ ನಡುವೆ ಬೆಳೆದವನು. ಹುಳ ಸಾಕುವುದು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮನುಷ್ಯರು ನಡುಮನೆಯಲ್ಲಿ ಒಬ್ಬರ ಮೇಲೊಬ್ಬರು ಮಲಗಿ, ಇರುವುದರಲ್ಲಿ ಒಳ್ಳೆಯ ಕೋಣೆಯನ್ನು ಹುಳಕ್ಕೆ ಬಿಡುತ್ತಾರೆ ಎಂಬುದು ಅಲ್ಲಿಗೆ ಹೋದ ಮೇಲೆ ಕಂಡದ್ದು. ಆ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಕಣ್ಣು ತಾಕುತ್ತದೆ ಎನ್ನುತ್ತಾರೆ. ಹುಳ ಮುಟ್ಟುವವರು ಘಾಟಿನ ವಸ್ತು ಮುಟ್ಟುವುದಿಲ್ಲ. ಮೈ ಸರಿಯಿಲ್ಲದವರು ಒಳಗೆ ಕಾಲಿಡುವುದಿಲ್ಲ.

ಮೊದಲ ದಿನ ಊರಿನ ಒಂದು ಬಾಗಿಲೂ ತೆರೆಯಲಿಲ್ಲ. ಒಬ್ಬ ಮುದುಕಿ ಜಗಲಿಯ ಮೇಲೆ ಕೂತು, "ಒದ್ದು ನಾಯನಾ, ಪೋಂಡಿ" ಎಂದು ತೆಲುಗಿನಲ್ಲಿ, ಬೇಡಪ್ಪ ಹೋಗಿ ಅಂತ, ಮೆಲ್ಲಗೆ ಅಟ್ಟಿದಳು. ಎರಡನೆಯ ದಿನ ಹುಣಸೆಮರದ ಪಕ್ಕದ ಮನೆಯಾಕೆ ಬಾಗಿಲು ತೆರೆದಳು. ಗಂಡ ಸತ್ತ ಹೆಂಗಸು. ಮನೆಯಲ್ಲಿ ಒಬ್ಬ ಮಗ, ಹೊಸದಾಗಿ ಬಂದ ಸೊಸೆ. ಮೂರು ಕೋಣೆ: ನಡುಮನೆ, ಅಡುಗೆಮನೆ, ಹುಳದ ಕೋಣೆ.

"ಚಳಿಜ್ವರಕ್ಕೆ ಗಂಡನ್ನ ಕೊಟ್ಟಿದೀನಿ ಸ್ವಾಮಿ. ಇನ್ಯಾರ್ನೂ ಕೊಡಕ್ಕಾಗಲ್ಲ. ಬನ್ನಿ, ಹೊಡೀರಿ" ಎಂದಳು. ಆಮೇಲೆ ಹುಳದ ಕೋಣೆಯ ಬಾಗಿಲಲ್ಲಿ ನಿಂತು, "ಹುಳಕ್ಕೇನೂ ಆಗಲ್ಲ ತಾನೆ?" ಎಂದು ಕೇಳಿದಳು.

"ಏನೂ ಆಗಲ್ಲಮ್ಮ. ಹುಳ ಇಲ್ದೆ ಇರೋವಾಗ ಹೊಡಿತೀವಿ. ತಟ್ಟೆ ಎಲ್ಲಾ ಆಚೆ ಇಡಿ ಸಾಕು" ಎಂದೆ. ಕಚೇರಿಯ ಸೂಚನೆಯಲ್ಲಿ ಅಷ್ಟೇ ಇತ್ತು. ಆಹಾರ ಪದಾರ್ಥ, ಪಾತ್ರೆ ಮತ್ತು ಸಾಕುಪ್ರಾಣಿಗಳನ್ನು ಹೊರಗಿಡತಕ್ಕದ್ದು.

ಒಳಗಿನಿಂದ ಸೊಸೆ ಕೇಳಿದಳು: "ಸೊಳ್ಳೆ ಸಾಯ್ತದೆ, ತಿಗಣೆ ಸಾಯ್ತದೆ, ನೊಣ ಸಾಯ್ತದೆ ಅಂತೀರ. ನಮ್ಮ ಹುಳ ಮಾತ್ರ ಸಾಯಲ್ವಾ? ನಿಮ್ಮ ಪೌಡರ್‌ಗೆ ನಮ್ಮನೆ ಹುಳದ ಗುರುತು ಐತಾ ಪೌಡರಣ್ಣ?"

ತಂಡದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಮೈ ಉರಿಯುತ್ತದೆ. ಮೂರನೆಯ ತರಗತಿಗೇ ಶಾಲೆ ಬಿಟ್ಟ ಹುಡುಗಿ ಕೇಳಿದ ಆ ಪ್ರಶ್ನೆಯನ್ನು ನಮ್ಮ ಸೂಚನೆ ಬರೆದವರು ಯಾರೂ ಕೇಳಿಕೊಂಡಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಆ ಮನೆ ತೆರೆದದ್ದನ್ನು ನೋಡಿ ಮಿಕ್ಕವರೂ ಒಬ್ಬೊಬ್ಬರಾಗಿ ತೆರೆದರು. ಕೆಲವರ ಹುಳ ಇನ್ನೂ ತಟ್ಟೆಯಲ್ಲಿದ್ದವು, ಅವರದು ಆಮೇಲೆ ಎಂದು ಬಿಟ್ಟೆವು. ಹುಣಸೆಮರದ ಮನೆಗೆ ಮೂರಕ್ಕೆ ಮೂರು ಹೊಡೆದು ಬಾಗಿಲ ಪಕ್ಕ ಬರೆದೆ.

ಹತ್ತು ದಿನದ ನಂತರ ತಪಾಸಣೆಗೆಂದು ಹೋದಾಗ ಸೊಸೆ ಅಂಗಳದಲ್ಲಿ ಕೂತು ಸಗಣಿಗೆ ಕೆಮ್ಮಣ್ಣು ಸೇರಿಸಿ ಬಗ್ಗಡ ಕಲಸುತ್ತಿದ್ದಳು. ಹೊಸ ಮೊಟ್ಟೆ ತರುವ ಮುಂಚೆ ಹುಳದ ಕೋಣೆಯ ನೆಲ, ಗೋಡೆ ಎರಡನ್ನೂ ಸಾರಿಸುವುದು ಅಲ್ಲಿಯ ಪದ್ಧತಿ. ಸೊಂಟದ ಎತ್ತರದಿಂದ ಕೈ ಎಟುಕುವಷ್ಟು ಮೇಲಿನವರೆಗೆ, ಬೆರಳಿನ ಗುರುತು ಕಮಾನುಕಮಾನಾಗಿ ಕಾಣುವ ಹಾಗೆ ಸಾರಿಸುತ್ತಾರೆ.

ನಾನು ಸೈಕಲ್ಲಿನಿಂದ ಇಳಿಯುತ್ತಲೇ ರೇಗಿದೆ. "ಗೋಡೆ ಮುಟ್ಟಬೇಡಿ ಅಂತ ಹೇಳಿರ್ಲಿಲ್ವೇನಮ್ಮ? ಅಷ್ಟು ದೂರದಿಂದ ಔಷಧಿ ತಂದು ಹೊಡೆದಿರೋದು ನೀನು ಸಗಣಿ ಮೆತ್ತೋಕಾ?"

"ಸಾರಿಸ್ದೆ ಹುಳ ಕೂರ್ಸೋದು ಹೆಂಗಣ್ಣ? ನಮ್ಮತ್ತೆ, ಅವ್ರತ್ತೆ, ಎಲ್ಲಾ ಮಾಡ್ಕೊಂಡ್ ಬಂದಿರೋದು."

"ನೆಲ ಸಾರಿಸ್ಕೋ. ಗೋಡೆ ಮುಟ್ಟಿದ್ರೆ ನಿಮ್ಮನೆ ಹೆಸರು ಬರ್ಕೊಂಡು ಹೋಗ್ತೀನಿ."

ಹೆಸರು ಬರೆದುಕೊಂಡು ಹೋಗಿ ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಆದರೆ ಖಾಕಿ ಚಡ್ಡಿಗೆ ಆ ಕಾಲದಲ್ಲಿ ಅಷ್ಟು ದರ್ಪ ಇತ್ತು. ಅವಳು ಕೈ ತೊಳೆದುಕೊಂಡಳು.

ಹುಳ ಚಿಕ್ಕವಿದ್ದಷ್ಟು ದಿನ ಏನೂ ಆಗಲಿಲ್ಲ. ಸಣ್ಣ ಹುಳಕ್ಕೆ ಒಂದೆರಡು ತಟ್ಟೆ ಸಾಕು, ಕೋಣೆಯ ನಡುವೆ ಇಡುತ್ತಾರೆ. ನಾಲ್ಕನೆಯ ಸಲ ಪೊರೆ ಬಿಟ್ಟ ಮೇಲೆ ಹುಳ ದಪ್ಪಗಾಗಿ, ತಟ್ಟೆಗಳು ಹೆಚ್ಚಾಗಿ, ಗೋಡೆಗೆ ಒತ್ತಿಸಿಟ್ಟ ಬಿದಿರಿನ ಅಟ್ಟಣೆಗೆ ಏರುತ್ತವೆ. ಒಣಗಿದ ಬಿಳಿ ಪುಡಿ ಗೋಡೆಯಿಂದ ಉದುರಿ ತಟ್ಟೆಗೆ, ಸೊಪ್ಪಿಗೆ ಬಿತ್ತು. ನನಗೆ ಹೇಳಿಕಳಿಸಿದರು. ಹೋಗಿ ನೋಡಿದರೆ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ, ಹಸಿರು ನೀರು ಕಾರಿಕೊಳ್ಳುತ್ತ ನುಲಿಯುತ್ತಿದ್ದವು. ಗೂಡು ಕಟ್ಟಲು ಇನ್ನು ಮೂರೋ ನಾಲ್ಕೋ ದಿನ ಇದ್ದಾಗ ಒಂದು ಹುಳವೂ ಉಳಿಯಲಿಲ್ಲ. ಕೊಳೆತ ವಾಸನೆಗೆ ಬೀದಿಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಊರಿನಲ್ಲಿ ಹನ್ನೊಂದು ಮನೆಗಳದು ಇದೇ ಗತಿ. ನನ್ನ ಮಾತು ಕೇಳದೆ ಕದ್ದು ಗೋಡೆ ಸಾರಿಸಿದ್ದ ಮನೆಗಳಲ್ಲಿ ಮಾತ್ರ ಹುಳ ಸುಖವಾಗಿ ಗೂಡು ಕಟ್ಟಿದವು.

ಅತ್ತೆ ಬೈಯಲಿಲ್ಲ. ಸೊಸೆಯೂ ಬೈಯಲಿಲ್ಲ. ಸತ್ತ ಹುಳವನ್ನು ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದು, "ಈಗ ಗುರುತು ಸಿಕ್ತಲ್ಲ ಪೌಡರಣ್ಣ, ನಿಮ್ಮ ಪೌಡರ್‌ಗೆ" ಎಂದಳು, ಅಷ್ಟೇ.

ಸತ್ತ ಹುಳಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಡಬ್ಬಿಯೊಳಗೆ ಇಣುಕಿದರು. "ಇದು ನಮ್ಮ ಇಲಾಖೆಯ ಹುಳ ಅಲ್ಲವಲ್ಲಪ್ಪ" ಎಂದರು. ತಮಾಷೆಗೆ ಹೇಳಿದ್ದಲ್ಲ. ನಮ್ಮ ಕಚೇರಿ ಲೆಕ್ಕ ಇಡುವುದು ಸೊಳ್ಳೆಯದು, ರೇಷ್ಮೆ ಹುಳಕ್ಕೆ ಬೇರೆ ಕಚೇರಿ ಇದೆ ಎಂದು ನನಗೆ ತಿಳಿಸಿಹೇಳಿದರು. ಅದೇ ಡಬ್ಬಿಯನ್ನು ಬೇರೆ ಕಚೇರಿಗೆ ಒಯ್ದೆ. ಅಲ್ಲಿಯ ಅಧಿಕಾರಿ ಮೂಗು ಮುಚ್ಚಿಕೊಳ್ಳಲಿಲ್ಲ. ಒಂದು ಹುಳ ಎತ್ತಿ ಅಂಗೈಯಲ್ಲಿಟ್ಟು ನೋಡಿ, "ಇದು ಆಗೋದೇ. ನಮಗೆ ಗೊತ್ತಿತ್ತು" ಎಂದರು.

"ಗೊತ್ತಿದ್ದರೆ ಹೇಳಬಾರದಿತ್ತೇ ಸಾರ್?"

"ನೀವು ಕೇಳಲಿಲ್ಲವಲ್ಲ."

ಎರಡು ಕಚೇರಿಗಳ ನಡುವೆ ಒಂದು ರಸ್ತೆ, ಒಂದು ಕಾಫಿ ಹೋಟೆಲು ಇದ್ದವು. ಇಬ್ಬರೂ ಸಂಜೆ ಅದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು ಎಂಬುದೂ ನನಗೆ ಗೊತ್ತು.

ಆರು ತಿಂಗಳಿಗೆ ಎರಡನೆಯ ಸುತ್ತು ಬಂತು. ಸೂಚನೆ ಒಂದಕ್ಷರ ಬದಲಾಗಿರಲಿಲ್ಲ. ಎಲ್ಲ ಮನೆ, ಎಲ್ಲ ಕೋಣೆ. ಊರಿನವರು ಬಾಗಿಲಿಗೆ ಅಡ್ಡ ನಿಂತರು. ಹುಣಸೆಮರದ ಮನೆಯ ಮಗ, ಮೊದಲ ಸಲ ಬಾಯಿ ಬಿಟ್ಟವನು, "ಮೇಸ್ತ್ರಿಗಳೇ, ಈ ಸಲ ಒಳಗೆ ಬಂದ್ರೆ ಬಕೆಟ್ ನಿಮ್ಮ ತಲೆ ಮೇಲೇ ಸುರೀತೀನಿ" ಎಂದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಹೊಂಗೆಮರದ ಕೆಳಗೆ ತಂಡವನ್ನು ಕೂರಿಸಿ ಯೋಚಿಸಿದೆ. ಬಿಟ್ಟ ಕೋಣೆಗಳನ್ನು ಬಿಟ್ಟೆ ಎಂದೇ ಬರೆದರೆ ಸಾಹೇಬರು ಪೊಲೀಸಿನವರನ್ನು ಕರೆತಂದು ಹೊಡೆಸುತ್ತಾರೆ. ಚಿಂತಾಮಣಿ ಕಡೆಯ ಒಂದು ಊರಿನಲ್ಲಿ ಹಾಗೆ ಮಾಡಿಸಿದ್ದರು. ಹೊಡೆದರೆ ಹುಳ ಹೋಗುತ್ತದೆ. ಕೊನೆಗೆ ಎದ್ದು ಹೋಗಿ ಊರಿನವರಿಗೆ ಹೇಳಿದೆ: "ನಡುಮನೆ, ಅಡುಗೆಮನೆ, ಕೊಟ್ಟಿಗೆಗೆ ಹೊಡಿತೀನಿ. ಹುಳದ ಕೋಣೆ ಮುಟ್ಟಲ್ಲ. ಬಾಗಿಲ ಮೇಲೆ ಮಾತ್ರ ಎಲ್ಲಾ ಹೊಡೆದಾಯ್ತು ಅಂತ ಬರಿತೀನಿ. ಯಾರಾದ್ರೂ ಕೇಳಿದ್ರೆ ಹೌದು ಅನ್ನಿ."

ಊರೆಲ್ಲ ನನ್ನನ್ನು ಹೊತ್ತು ಮೆರೆಸುವುದೊಂದು ಬಾಕಿ. ಅತ್ತೆ ಮಜ್ಜಿಗೆ ಕೊಟ್ಟಳು. ಸೊಸೆ ಟವೆಲಿನಲ್ಲಿ ಹಿಪ್ಪುನೇರಳೆ ಹಣ್ಣು ಕಟ್ಟಿಕೊಟ್ಟು, "ಬುದ್ಧಿ ಬಂತು ಬಿಡಣ್ಣ ನಿಂಗೆ" ಎಂದಳು. ಪಂಪಿನವನು ಮಾತ್ರ ಗೊಣಗಿದ. "ಮಿಕ್ಕಿದ ಪುಡಿ ಏನ್ಮಾಡಣ ಮೇಸ್ತ್ರಿ? ವಾಪಸ್ ಕೊಟ್ರೆ ಸಿಕ್ಕಿಬೀಳ್ತೀವಲ್ಲ." ಊರ ಹೊರಗೆ ಗುಂಡಿ ತೋಡಿ ಹೂತೆವು. ಅಲ್ಲಿ ಆಮೇಲೆ ಏನು ಬೆಳೆಯಿತು, ಅದನ್ನು ಯಾರು ತಿಂದರು ಎಂದು ನಾನು ಹೋಗಿ ನೋಡಿಲ್ಲ.

ಆ ದಿನ ಸೊಸೆಗೆ ಒಂದು ಮಾತು ಹೇಳಿದ್ದು ನಿಜ. "ಹುಳದ ಕೋಣೇಲಿ ಮಲಗಬೇಡಮ್ಮ. ನಡುಮನೇಲಿ ಮಲಗು."

"ರಾತ್ರಿ ಹೊತ್ತು ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ? ನೀವು ಬರ್ತೀರಾ?" ಎಂದು ನಕ್ಕಳು.

ಯಾಕೆ ಮಲಗಬಾರದು ಎಂದು ನಾನು ಬಿಡಿಸಿ ಹೇಳಲಿಲ್ಲ. ಉಳಿದ ಕೋಣೆಗಳಿಂದ ಓಡಿದ ಸೊಳ್ಳೆ ಔಷಧಿ ಇಲ್ಲದ ಆ ಒಂದು ಕೋಣೆಯಲ್ಲೇ ಸೇರುತ್ತದೆ, ಅಲ್ಲಿ ಮಲಗಿದವರನ್ನೇ ಕಚ್ಚುತ್ತದೆ ಎಂದು ಹೇಳಬಹುದಿತ್ತು. ಹೇಳಿದರೆ ಹೆದರಿ ಹೊಡೆಸಿಕೊಳ್ಳುತ್ತಾರೆ, ಹುಳ ಸಾಯುತ್ತವೆ, ಮತ್ತೆ ನಾನೇ ಕೆಟ್ಟವನು. ಹೊಗಳಿಕೆಯ ರುಚಿ ಆಗಲೇ ಹತ್ತಿತ್ತು. ಮೂರನೆಯ ಸುತ್ತಿನಲ್ಲೂ ಹಾಗೆಯೇ ಮಾಡಿದೆ. ನನ್ನ ಊರುಗಳಲ್ಲಿ ಎಲ್ಲ ಕೋಣೆಗೂ ಔಷಧಿ ಬಿದ್ದಿದೆ ಎಂದು ಕಚೇರಿಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು.

ಮಳೆಗಾಲ ಕಳೆದು, ಬಾವಿ ಕಾಲುವೆಗಳಲ್ಲಿ ನೀರು ನಿಂತ ದಿನಗಳಲ್ಲಿ ಜ್ವರ ಬಂತು. ಮನೆಮನೆಗೆ ಹೋಗಿ ಬೆರಳು ಚುಚ್ಚಿ ಗಾಜಿನ ಚೂರಿನ ಮೇಲೆ ರಕ್ತ ತೆಗೆಯುವ ನೌಕರ ನನಗೆ ಸಿಕ್ಕಿ, "ವಿಚಿತ್ರ ಮೇಸ್ತ್ರಿ. ನಿಮ್ಮ ಆ ಊರಲ್ಲಿ ಜ್ವರ ಹಿಡಿದಿರೋದೆಲ್ಲ ಹೆಂಗಸರಿಗೇ" ಎಂದ. ಅವನಿಗೆ ವಿಚಿತ್ರ. ನನಗಲ್ಲ. ಹುಳದ ಕೋಣೆಯಲ್ಲಿ ಮಲಗುವವರು ಹೆಂಗಸರೇ.

ಮಾತ್ರೆಯ ಡಬ್ಬಿ ತೆಗೆದುಕೊಂಡು ಹುಣಸೆಮರದ ಮನೆಗೆ ಓಡಿದೆ. ಸೊಸೆ ಏಳು ತಿಂಗಳ ಬಸುರಿ. ಕಣ್ಣು ಒಳಗೆ ಹೋಗಿದ್ದವು. ಕೈ ಮುಟ್ಟದೆಯೇ ಜ್ವರ ಗೊತ್ತಾಗುತ್ತಿತ್ತು. ಎಷ್ಟು ದಿನದಿಂದ ಎಂದರೆ ಅತ್ತೆಗೆ ತಿಳಿಯದು. ಹುಳ ಕೊನೆಯ ಹಂತದಲ್ಲಿದ್ದವು. ಮೈ ಸರಿಯಿಲ್ಲ ಎಂದರೆ ಕೋಣೆಗೆ ಬಿಡುವುದಿಲ್ಲ, ಅಷ್ಟು ತಟ್ಟೆಗಳಿಗೆ ಸೊಪ್ಪು ಹಾಕುವ ಕೈ ಮನೆಯಲ್ಲಿ ಇನ್ನೊಂದಿಲ್ಲ ಎಂದು ಚಳಿ ಬಂದಾಗಲೆಲ್ಲ ಗೋಣಿಚೀಲ ಹೊದ್ದು, ಹಲ್ಲು ಕಚ್ಚಿ, ಮುಚ್ಚಿಟ್ಟಿದ್ದಳು. ಮಾತ್ರೆ ಕೊಡಹೋದರೆ ಮುಖ ತಿರುಗಿಸಿದಳು.

"ಕೈಗೆ ಔಷಧಿ ಘಾಟು ಹತ್ತುತದೆ ಅಣ್ಣ. ಹುಳ ಗೂಡಿಗೆ ಬಿಟ್ಬಿಡ್ತೀನಿ, ಎರಡೇ ದಿನ. ಆಮೇಲೆ ನುಂಗ್ತೀನಿ."

"ಹುಳ ಹಾಳಾಗಿಹೋಗ್ಲಮ್ಮ! ಮೊದಲು ಇದು ನುಂಗು" ಎಂದು ಕೂಗಿದೆ.

"ನೀನೇ ಉಳಿಸ್ಕೊಟ್ಟಿದ್ದಲ್ಲಣ್ಣ" ಎಂದಳು.

ನುಂಗಿಸಿದೆ. ತಡವಾಗಿತ್ತು. ಮಾರನೆಯ ದಿನ ಗಾಡಿಯಲ್ಲಿ ಮಲಗಿಸಿಕೊಂಡು ಶಿಡ್ಲಘಟ್ಟದ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಮಗು ಹೋಯಿತು. ಅವಳೂ ಎರಡು ದಿನ ಇದ್ದು ಹೋದಳು. ಅವಳು ಸಾಕಿದ ಹುಳ ಅದೇ ಹೊತ್ತಿಗೆ ಹಣ್ಣಾಗಿ, ನೆರೆಮನೆಯವರು ಎತ್ತಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟರಂತೆ. ಒಳ್ಳೆಯ ಗಟ್ಟಿ ಗೂಡು ಬಂದಿತಂತೆ.

ಜ್ವರದ ಸುದ್ದಿ ಮೇಲಕ್ಕೆ ಹೋಗಿ ವಿಚಾರಣೆ ಬಂತು. ದೂರದಿಂದ ಬಂದ ದೊಡ್ಡ ಅಧಿಕಾರಿಗಳು ಬಾಗಿಲ ಪಕ್ಕದ ನನ್ನ ಬರಹಗಳನ್ನು ಓದಿಕೊಂಡು ಊರು ಸುತ್ತಿದರು. ಎಲ್ಲ ಮನೆ, ಎಲ್ಲ ಕೋಣೆ, ಮೂರು ಸುತ್ತು. ಆದರೂ ಜ್ವರ. ಅಂದರೆ ಇಲ್ಲಿಯ ಸೊಳ್ಳೆಗೆ ಔಷಧಿ ಒಗ್ಗಿಹೋಗಿದೆ, ಸುತ್ತಮುತ್ತ ಎಲ್ಲ ಊರಿಗೂ ಇನ್ನಷ್ಟು ಗಟ್ಟಿಯಾಗಿ ಹೊಡೆಯಬೇಕು ಎಂದು ತೀರ್ಮಾನ ಮಾಡಿದರು. ನನ್ನ ಸುಳ್ಳು ಅವರ ಬಾಯಲ್ಲಿ ವಿಜ್ಞಾನವಾಗಿತ್ತು.

ಆಗ ತಡೆದುಕೊಳ್ಳಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಎರಡು ಪುಟ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಪೂರ್ತಿ ಓದಿದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು.

"ನಿನ್ನ ಕೆಲಸ ಹೋಗುತ್ತೆ, ಅದಿರಲಿ. ನಿನ್ನ ಲೆಕ್ಕದ ಕೆಳಗೆ ನನ್ನ ಸಹಿ ಇದೆ. ನನ್ನ ಸಹಿ ನಂಬಿ ಮೇಲಿನವರು ಹಾಕಿದ್ದಾರೆ. ಈಗ ಹೊಡೆದಿರಲೇ ಇಲ್ಲ ಅಂದರೆ ಯಾರಿಗೆ ಹೇಳಲಿ?"

"ಸೊಳ್ಳೆಗೆ ಔಷಧಿ ಒಗ್ಗಿಲ್ಲ ಸಾರ್. ಅದು ತಪ್ಪು. ಹುಳ ಸಾಕುವ ಊರಿಗೆ ಬೇರೆ ದಾರಿ ನೋಡಬೇಕು."

"ಬೇರೆ ದಾರಿ ಸೂಚನೆಯಲ್ಲಿ ಇಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ. ನಾನು ಹೊರಡುವಾಗ ನೀರು ಕುಡಿದು ಹೋಗು ಎಂದರು. ನಾನು ಆ ಕಾಗದವನ್ನು ಅವರನ್ನು ದಾಟಿ ಮೇಲಕ್ಕೆ ಕಳಿಸಬಹುದಿತ್ತು. ಅಂಚೆ ಪೆಟ್ಟಿಗೆ ಕಚೇರಿಯ ಗೇಟಿನ ಪಕ್ಕದಲ್ಲೇ ಇತ್ತು. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಕಾಗದ ನನ್ನ ಜೇಬಿನಲ್ಲೇ ಬೆವರಿಗೆ ಹರಿದುಹೋಯಿತು.

ನಾಲ್ಕನೆಯ ಸುತ್ತಿಗೆ ಪುಡಿ ಗಟ್ಟಿ ಕಲಸಿಕೊಂಡು, ಜೊತೆಗೆ ಇಬ್ಬರು ಪೊಲೀಸರನ್ನು ಕರೆದುಕೊಂಡು ಅದೇ ಊರಿಗೆ ಹೋದೆವು. ಈ ಸಲ ಯಾರೂ ಅಡ್ಡ ನಿಲ್ಲಲಿಲ್ಲ. ಹುಣಸೆಮರದ ಮನೆಯಲ್ಲಿ ಮಗ ಇರಲಿಲ್ಲ. ಅತ್ತೆ ತಾನೇ ಹೋಗಿ ಹುಳದ ಕೋಣೆಯ ಬಾಗಿಲು ತೆರೆದಳು.

"ಹೊಡೀರಿ ಸ್ವಾಮಿ. ಒಳಗೇನೂ ಇಲ್ಲ."

ತಟ್ಟೆಗಳನ್ನು ಗೋಡೆಗೆ ಒರಗಿಸಿ ಜೋಡಿಸಿದ್ದರು, ಜೇಡ ಬಲೆ ಕಟ್ಟಿತ್ತು. ಗೋಡೆಯ ಮೇಲೆ ಸೊಸೆ ಸಾರಿಸಿದ ಬೆರಳಿನ ಕಮಾನುಗಳು ಹಾಗೇ ಇದ್ದವು. ಕೊಳವೆಯವನನ್ನು ಪಕ್ಕಕ್ಕೆ ಸರಿಸಿ ನಾನೇ ಕೊಳವೆ ಹಿಡಿದೆ.

ಅತ್ತೆ ನನ್ನ ಬೆನ್ನ ಹಿಂದೆ ನಿಂತು ಕೇಳಿದಳು: "ಇದನ್ನ ಅವತ್ತೇ ಹೊಡೆದಿದ್ರೆ ಅವ್ಳು ಉಳ್ಕೊಳ್ತಿದ್ಲಾ?"

ಕಚೇರಿಯಲ್ಲಿ ಬೇಡವಾದ ನಿಜ ನನ್ನ ಬಳಿ ಇನ್ನೂ ಇತ್ತು. "ಉಳ್ಕೊಳ್ತಿದ್ಲು ಅನ್ಸತ್ತಮ್ಮ. ಹುಳ ಸಾಯ್ತಿದ್ವು" ಎಂದೆ.

ಪಂಪಿನವನು ಒತ್ತುವುದನ್ನು ನಿಲ್ಲಿಸಿದ್ದ.

"ಅಷ್ಟು ಹೇಳ್ಬೇಕಾಗಿತ್ತು ಸ್ವಾಮಿ" ಎಂದಳು. "ಹುಳ ಬಿಟ್ಬಿಡ್ತಿದ್ವಿ."

ಸೂಚನೆ ಬರೆದವರು ಆಕೆಯನ್ನು ಕೇಳಿರಲಿಲ್ಲ. ಹುಳ ಉಳಿಸಿದ ನಾನೂ ಕೇಳಿರಲಿಲ್ಲ. ಗೋಡೆಯಿಂದ ಒಂದೂವರೆ ಅಡಿ ದೂರ ನಿಂತು, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಆ ಬೆರಳಿನ ಗುರುತುಗಳ ಮೇಲೆ ಒಣ ಜಾಗ ಉಳಿಯದ ಹಾಗೆ ಹೊಡೆದೆ. ಹೊರಗೆ ಬಂದು ಕೆಮ್ಮಣ್ಣಿನಲ್ಲಿ ತಾರೀಖು ಬರೆದು, ಮೂರಕ್ಕೆ ಮೂರು ಎಂದು ಬರೆದೆ. ಮೇಲೆ ಹಳೆಯ ಮೂರು ಸಾಲುಗಳಿದ್ದವು. ಅದೇ ಕೈಬರಹ, ಅದೇ ಲೆಕ್ಕ. ಯಾವುದು ನಿಜ, ಯಾವುದು ಸುಳ್ಳು ಎಂದು ಓದಿದವರಿಗೆ ತಿಳಿಯುವಂತಿರಲಿಲ್ಲ.